ಬ್ರೇಕು ಬಲಗಾಲಿಗೆ ಬಂದ ಮೇಲೆ

ಗಾಜು ಕತ್ತರಿಸುವವನಿಗೆ ಅಂಗಡಿಯೊಳಗೆ ಸಿಟ್ಟು ಬರುವ ಹಾಗಿಲ್ಲ. ಕೈ ಒಂದಿಷ್ಟು ಅದುರಿದರೂ ಆಳೆತ್ತರದ ಕನ್ನಡಿ ಎರಡು ಹೋಳು. ಹಾಗಾಗಿ ಗಾಜಣ್ಣ ಬೆಳಗಿನಿಂದ ಸಂಜೆಯವರೆಗೆ ಉಸಿರು ಬಿಗಿಹಿಡಿದು ಸಾಧುವಾಗಿರುತ್ತಿದ್ದ. ಕೂಡಿಟ್ಟ ಸಿಟ್ಟನ್ನೆಲ್ಲ ಶಟರ್ ಎಳೆದ ಮೇಲೆ ಊರಿಗೆ ಹಂಚುತ್ತಿದ್ದ. ಕ್ಯೂ ತಪ್ಪಿಸಿ ನುಗ್ಗಿದವನಿಗೊಂದಿಷ್ಟು, ಹಾರ್ನ್ ಹೊಡೆದವನಿಗೊಂದಿಷ್ಟು, ಯಾರೂ ಸಿಗದ ದಿನ ಮನೆಯ ಟಿವಿಗೆ. ಹೆಂಡತಿ ಅಡುಗೆಮನೆಯಿಂದಲೇ, "ಅದು ತಿರುಗಿ ಬೈಯಲ್ಲ, ಹೂಂ, ಬೈರಿ" ಎನ್ನುತ್ತಿದ್ದಳು.

ಅವನು ತಣ್ಣಗಾಗುತ್ತಿದ್ದುದು ಬೈಕಿನ ಮೇಲೆ ಮಾತ್ರ. ಭಾನುವಾರ ದೂರ ಸವಾರಿ ಹೋಗುವವರ ಒಂದು ಗುಂಪಿತ್ತು. ಎಲ್ಲರದೂ ಒಂದೇ ಕಂಪನಿಯ ಹಳೇ ಗಾಡಿ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಎಷ್ಟು ಒದ್ದರೂ ಸ್ಟಾರ್ಟ್ ಆಗದೆ ಕೊನೆಗೆ ಸವಾರನ ಮೊಳಕಾಲಿಗೇ ತಿರುಗಿ ಒದೆಯುವ ಜಾತಿ. ಸಾಲಿನ ಮುಂದೆ ಅವನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಕೊನೆಯಲ್ಲಿ ಗಾಜಣ್ಣ. ಯಾರ ಗಾಡಿ ಕೆಟ್ಟರೂ ನಿಂತು ಸರಿಮಾಡಿ, ಒಬ್ಬರನ್ನೂ ಹಿಂದೆ ಬಿಡದೆ ಕರೆತರುವುದು ಕೊನೆಯವನ ಕೆಲಸ. ಆ ಜಾಗವನ್ನು ಅವನು ವರ್ಷಾನುಗಟ್ಟಲೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಹಿಂದಿನ ಸೀಟಿನಲ್ಲಿ ಹೆಂಡತಿ ಇರುತ್ತಿದ್ದಳು. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕಡೆ, ಒದ್ದೆ ಮೂಟೆ ಎತ್ತುವ ಕೆಲಸ ಅವಳದು. ಮನೆಯಲ್ಲಿ ಮುಖ ಗಂಟಿಕ್ಕಿಕೊಂಡಿದ್ದ ಇಬ್ಬರೂ ಬೈಕ್ ಹತ್ತಿದ ಕೂಡಲೇ ಹರಟೆಗೆ ಬೀಳುತ್ತಿದ್ದರು. ಆಮೇಲೆ ಅವಳ ಸೊಂಟ ಕೈಕೊಟ್ಟಿತು. ಆ ಗಾಡಿಯ ಕುಲುಕಾಟಕ್ಕೆ ರಾತ್ರಿಯೆಲ್ಲ ನರಳುವಂತಾಯಿತು. "ನನ್ನ ಕೈಲಾಗಲ್ಲ ರೀ, ನೀವು ಹೋಗ್ಬನ್ನಿ" ಎಂದಳು. ಅವನು ಒಂದು ವರ್ಷ ಒಬ್ಬನೇ ಹೋದ. ಬೆನ್ನ ಹಿಂದೆ ಮಾತಿಲ್ಲದ ಸವಾರಿ ಅವನಿಗೆ ಉಪ್ಪಿಲ್ಲದ ಊಟದಂತೆ ಸಪ್ಪೆಯಾಗಿತ್ತು.

ಕೊನೆಗೆ ಮನಸ್ಸು ಗಟ್ಟಿಮಾಡಿಕೊಂಡು ಹಳೇ ಗಾಡಿ ಕೊಟ್ಟು, ಬೇರೆ ಕಂಪನಿಯ ಹೊಸ ಟೂರಿಂಗ್ ಬೈಕ್ ತಂದ. ಅಗಲ ಸೀಟು, ಹಿಂದೆ ಕೂತವರಿಗೆ ಒರಗುದಿಂಬು. "ಇದೇನ್ರೀ, ಬೈಕಾ ಸೋಫಾನಾ?" ಎಂದು ಅವಳು ಹತ್ತಿ ಕೂತು ನಕ್ಕಳು. ಗಾಜಣ್ಣ ಕರಗಿ ನೀರಾದ. ಅವಳು ಮತ್ತೆ ಜೊತೆಗೆ ಬರುತ್ತಾಳೆ. ಅವನಿಗೆ ಬೇಕಾಗಿದ್ದುದೂ ಅಷ್ಟೇ. ಇದರಲ್ಲಿ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ವಾರವೆಲ್ಲ ಬೀದಿ ಸುತ್ತುತ್ತಾ "ಬ್ರೇಕು ಬಲಗಾಲು, ಬ್ರೇಕು ಬಲಗಾಲು" ಎಂದು ಜಪ ಮಾಡಿ ಕಲಿತ.

ಭಾನುವಾರ ಪೆಟ್ರೋಲ್ ಬಂಕಿನ ಮುಂದೆ ಗುಂಪು ಸೇರಿತ್ತು.

"ಏನ್ ಭಾವ, ಹಡಗು ತಗೊಂಡ್ರಾ? ಲಂಗರು ಎಲ್ಲಿ?" ಎಂದ ಭಾವಮೈದುನ. ಎಲ್ಲರೂ ಹೋ ಎಂದು ನಕ್ಕರು.

ಗಾಜಣ್ಣ ಹಲ್ಲು ಕಚ್ಚಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತ. ಭಾವಮೈದುನ ಅಲ್ಲಿಗೇ ಬಂದ.

"ಬೇಜಾರ್ ಮಾಡ್ಕೋಬೇಡಿ ಭಾವ. ಬೇರೆ ಕಂಪನಿ ಗಾಡಿ ಸಾಲಲ್ಲಿ ಬರೋ ಹಾಗಿಲ್ಲ ಅಂತ ರೂಲ್ಸ್ ಮಾಡಿದ್ದು ನೀವೇ. ಇವತ್ತು ಕೊನೇಲಿ ನಮ್ಮ ಬೇಕರಿಯವನು ಬರ್ತಾನೆ. ನೀವು ಒಂಚೂರು ದೂರ ಬಿಟ್ಟು ಬನ್ನಿ."

ಹೌದು, ಮಾಡಿದ್ದು ಅವನೇ. ಹಿಂದೊಮ್ಮೆ ಯಾರೋ ಹೊಸಬ ಬೇರೆ ಗಾಡಿ ತಂದಾಗ ನಡುರಸ್ತೆಯಲ್ಲಿ ನಿಂತು ಕೂಗಾಡಿ ಮಾಡಿಸಿದ್ದ. ಅದು ನೆನಪಾಗಿ ಮೈ ಇನ್ನಷ್ಟು ಉರಿಯಿತು.

"ನಿಮ್ಮ ಡಬ್ಬಾಗಳು ಕೆಟ್ಟು ನಿಂತಾಗೆಲ್ಲ ಮೈಗೆ ಗ್ರೀಸ್ ಮೆತ್ಕೊಂಡು ಒದ್ದಾಡಿದ್ದು ಯಾರೋ? ಈಗ ನಾನು ದೂರ ಬಿಟ್ಟು ಬರ್ಬೇಕಾ?"

"ಬಿಡ್ರೀ" ಎಂದಳು ಹೆಂಡತಿ. "ನಾವಿಬ್ರೇ ಎಲ್ಲಾದ್ರೂ ಹೋಗಿ ಬರೋಣ. ಕೆರೆ ಕಡೆ ಹೋಗೋಣ ನಡೀರಿ."

"ನಾವ್ಯಾಕೆ ಹೋಗ್ಬೇಕು? ರಸ್ತೆ ಏನು ಇವನ ಅಪ್ಪಂದಾ?"

"ಇವನ ಅಪ್ಪ ನನಗೂ ಅಪ್ಪಾನೇ" ಎಂದಳು ಅವಳು. ಅವನು ನಗಲಿಲ್ಲ.

ಗುಂಪು ಹೊರಟಿತು. ಗಾಜಣ್ಣ ಅವರ ಬೆನ್ನಿಗೆ ಬಿದ್ದ. ಒಬ್ಬೊಬ್ಬರನ್ನೇ ಹಿಂದೆ ಹಾಕಿದ, ಮುಂದೆ ಹೋಗಿ ನಿಂತ, ಅವರು ದಾಟಿಹೋಗುವವರೆಗೆ ಕಾದು ಮತ್ತೆ ಹಿಂದೆ ಹಾಕಿದ. ಬೇಡದ ಕೆಲಸ. ಬೆನ್ನ ಹಿಂದೆ ಅವಳು ಏನೋ ಹೇಳುತ್ತಿದ್ದಳು. ಸೊಂಟ ಒಂಚೂರೂ ನೋಯುತ್ತಿಲ್ಲ ಎಂದಳು, ದೂರದ ಗುಡ್ಡ ತೋರಿಸಿದಳು, ಆಮೇಲೆ "ನಿಧಾನ ರೀ" ಎಂದಳು. ವರ್ಷವೆಲ್ಲ ಹಾತೊರೆದ ಮಾತು ಅವನ ಕಿವಿಗೇ ಬೀಳಲಿಲ್ಲ. ಕನ್ನಡಿಯಲ್ಲಿ ಭಾವಮೈದುನನ ಮುಖ ಚಿಕ್ಕದಾಗುವುದನ್ನು ನೋಡುವುದರಲ್ಲಿ ಮೈಮರೆತಿದ್ದ.

ತಿರುವಿನಲ್ಲಿ ಟ್ರ್ಯಾಕ್ಟರ್ ಅಡ್ಡ ಬಂತು. ಸಿಟ್ಟು ನೆತ್ತಿಗೇರಿದವನಿಗೆ ಜಪ ಎಲ್ಲಿ ನೆನಪಿರುತ್ತದೆ? ಕಾಲಿಗೆ ಗೊತ್ತಿದ್ದುದು ಹಳೇ ಗಾಡಿ. ಎಡಗಾಲಿನಿಂದ ಬಲವಾಗಿ ತುಳಿದ. ಅಲ್ಲಿದ್ದುದು ಗೇರು. ಇಂಜಿನ್ ಕಿರುಚಿಕೊಂಡಿತು, ಹಿಂದಿನ ಚಕ್ರ ಜಾರಿತು, ಗಾಡಿ ರಸ್ತೆ ಬಿಟ್ಟು ಪಕ್ಕದ ಮರಳು ರಾಶಿಗೆ ನುಗ್ಗಿ ಮಗುಚಿಕೊಂಡಿತು. ಮರಳಿತ್ತು, ಬದುಕಿದರು.

ಗಾಜಣ್ಣ ಎದ್ದವನೇ ಬೈಗುಳ ಶುರು ಮಾಡಿದ. ಟ್ರ್ಯಾಕ್ಟರಿನವನಿಗೆ ಬೈದ. ಬ್ರೇಕನ್ನು ಬಲಕ್ಕಿಟ್ಟ ಕಂಪನಿಯವರ ವಂಶವನ್ನೆಲ್ಲ ಜಾಲಾಡಿದ. ಓಡಿಬಂದ ಭಾವಮೈದುನನನ್ನು ಕಂಡು, "ಎಲ್ಲಾ ನಿನ್ನಿಂದಾನೇ ಆಗಿದ್ದು!" ಎಂದು ಅಬ್ಬರಿಸಿದ. ಭಾವಮೈದುನ ಅವನನ್ನು ದಾಟಿಹೋಗಿ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವಳು ಮರಳಿನಲ್ಲಿ ಕೂತಿದ್ದಳು. ಮೊಣಕೈ ತರಚಿತ್ತು, ಒಂದು ಕೈ ಸೊಂಟದ ಮೇಲಿತ್ತು.

"ಎಲ್ರಿಗೂ ಬೈದು ಮುಗೀತಾ?" ಎಂದು ಗಂಡನನ್ನು ಕೇಳಿದಳು. "ನಾನೂ ಬಿದ್ದಿದೀನಿ. ಈಗಲಾದ್ರೂ ಕಾಣಿಸ್ತಾ?"

"ಲೇ, ಈ ಗಾಡಿ ತಗೊಂಡಿದ್ದೇ ನಿನಗೋಸ್ಕರ ಕಣೇ."

"ತಗೊಂಡಿದ್ದು ನನಗೋಸ್ಕರಾನೇ. ಬೆಳಗ್ಗೆಯಿಂದ ಓಡಿಸಿದ್ದು ಇವರಿಗೋಸ್ಕರ." ಅವಳು ತಮ್ಮನ ಭುಜ ಹಿಡಿದು ಎದ್ದಳು. "ನಡಿಯೋ, ನಿನ್ನ ಗಾಡೀಲಿ ಮನೆಗೆ ಬಿಡು."

"ಅಕ್ಕಾ, ನನ್ನ ಗಾಡಿ ಕುಲುಕಾಟ ನಿಂಗೆ ಆಗಲ್ಲ."

"ನೋಯ್ಲಿ ಬಿಡು. ನಡಿ."

ಬೇಕರಿಯವನು ಗಾಜಣ್ಣನ ಗಾಡಿಯನ್ನೆತ್ತಿ ನಿಲ್ಲಿಸಿ ಮರಳು ಕೊಡವಿದ. ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. "ಕೊನೇಲಿ ನೀವೇ ಬನ್ನಿ ಅಣ್ಣ" ಎಂದು ಮೆಲ್ಲಗೆ ಹೇಳಿ ಮುಂದೆ ಹೋದ.

ಅಕ್ಕನಿಗೆ ನೋವಾಗದಿರಲೆಂದು ಭಾವಮೈದುನ ಉಳಿದವರೆಲ್ಲರಿಗಿಂತ ಹಿಂದೆ, ಗಾಜಣ್ಣನ ಗಾಡಿಯ ಮುಂದೆಯೇ ನಿಧಾನವಾಗಿ ಹೋಗುತ್ತಿದ್ದ. ಗುಂಡಿ ಬಂದಾಗಲೆಲ್ಲ ಅವಳ ಮೈ ಬಿಲ್ಲಿನಂತೆ ಬಾಗುತ್ತಿತ್ತು, ಕೈ ಸೊಂಟಕ್ಕೆ ಹೋಗುತ್ತಿತ್ತು. ಯಾರಿಗಾದರೂ ಬೈಯಬೇಕೆಂದು ಗಾಜಣ್ಣ ಬಾಯಿ ತೆರೆದ. ಯಾರಿಗೆ ಬೈಯುವುದು? ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಅದೇ ಗುಂಡಿಗಳ ಮೇಲೆ ಅವನೂ ಹೋಗುತ್ತಿದ್ದ, ಒಂದೂ ಅವನ ಮೈಗೆ ತಿಳಿಯಲಿಲ್ಲ. ಗಾಡಿ ಅಷ್ಟು ಚೆನ್ನಾಗಿತ್ತು.