ಬಸ್ ನಿಲ್ಲುತ್ತದೋ ಇಲ್ಲವೋ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವಳು ನಾನು. ಕಲಬುರಗಿಯಲ್ಲಿ ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಬೇತಿಗೆ ಸೇರಿದಾಗಲೂ ತಪ್ಪು ಯೋಚನೆಯನ್ನು ವಾದದಿಂದ ಸೋಲಿಸಿದರೆ ಸಾಕೆಂದು ನಂಬಿದ್ದೆ.

ತರಬೇತಿಯ ಭಾಗವಾಗಿ ಕಮಲಾಪುರಕ್ಕೆ ಹೋದಾಗ ಮೊದಲು ಸಮಾಲೋಚನೆಗೆಂದು ನನ್ನ ಮುಂದೆ ಕುಳಿತವರು ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಒಬ್ಬ ಅಮ್ಮ. ಕಲಬುರಗಿಯಲ್ಲಿ ಮೊಮ್ಮಗಳು ಹುಟ್ಟಿ ತಿಂಗಳಾಗಿತ್ತು. ಬಸ್ಸಿನಲ್ಲಿ ಉಸಿರುಗಟ್ಟಿ ಸಾಯುತ್ತೇನೆಂಬ ಭಯಕ್ಕೆ ಇವರು ನೋಡಲು ಹೋಗಿರಲಿಲ್ಲ.

"ಹಿಂಗ ಎಷ್ಟು ಸಲ ಸತ್ತೀರಿ?" ಎಂದೆ.

"ಒಮ್ಮಿನೂ ಇಲ್ರೀ," ಎಂದು ನಕ್ಕರು. ಗೆದ್ದೆ ಅಂದುಕೊಂಡೆ.

ಅಮ್ಮನ ಒಪ್ಪಿಗೆಯಿಂದ ಮಾಡಿಕೊಂಡ ರೆಕಾರ್ಡಿಂಗನ್ನು ತರಬೇತಿ ಕೊಡುವ ನಮ್ಮ ಮೇಡಂ ಪೂರ್ತಿ ಕೇಳಿದರು. "ಚಲೋ ಗೆದ್ದೀಯವ್ವ. ಆಕಿ ಬಸ್ ಹತ್ತಿದಳೇನು?"

ಹತ್ತಿರಲಿಲ್ಲ. ಮುಂದಿನ ವಾರ, ಬಸ್ಸಿನಲ್ಲಿ ಏನಾದೀತೆಂಬ ಭಯ ಎಂದಷ್ಟೇ ಕೇಳಿದೆ. ಅಮ್ಮ ಬಾಯಿಬಿಟ್ಟರು: "ಜೀವ ಗಾಬರ್ಯಾಗಿ ನಿಲ್ಲಸ್ರಿ ಅಂದ್ರ ಯಾರೂ ನಿಲ್ಲಸಂಗಿಲ್ರೀ."

ಹಾಗಾದರೆ ಪರೀಕ್ಷಿಸಿಯೇ ನೋಡೋಣವೆಂದು, ಮೇಡಂಗೆ ತಿಳಿಸಿ, ಇಬ್ಬರೂ ಕಲಬುರಗಿ ಬಸ್ ಹತ್ತಿದೆವು. ಊರು ದಾಟುತ್ತಲೇ ಅಮ್ಮ ನನ್ನ ಕೈ ಹಿಡಿದು ಕೂಗಿದರು, "ನಿಲ್ಲಸ್ರೀ!" ಕಂಡಕ್ಟರ್ ಸೀಟಿ ಊದಿದ. ಬಸ್ ನಿಂತಿತು.

"ಇಳಿರಿ ಯವ್ವಾ, ಲಗೂನ!"

"ಇಲ್ಲೋ ಯಪ್ಪಾ, ನಿಲ್ತದೇನಂತ ನೋಡಾಕತ್ತಿದ್ದೆ. ನಡಿ ಇನ್ನ."

ಅವನು ಬೈದದ್ದು ನನ್ನನ್ನು: "ಓದಿದ ನೀವರೆ ಬುದ್ಧಿ ಹೇಳಬಾರದೇನ್ರೀ?" ವಾದ ಬಿಟ್ಟು, ತಪ್ಪಾಯ್ತೆಂದೆ. ಅಮ್ಮ ಬಸ್ ಹತ್ತಿದಳೇನೆಂದು ಮೇಡಂ ಕೇಳಿದ ಆ ಒಂದು ಪ್ರಶ್ನೆಗೆ ಇವತ್ತಿಗೂ ಋಣಿಯಾಗಿದ್ದೇನೆ. ಪಕ್ಕದಲ್ಲಿ ಅಮ್ಮ ಆಗಲೇ ಚೀಲದಿಂದ ಮೊಮ್ಮಗಳಿಗೆ ಹೊಲಿದಿಟ್ಟ ಕುಲಾವಿ ತೆಗೆದು, ಮಡಿಕೆ ಬಿಡಿಸುತ್ತಿದ್ದರು.