ಕಿಟಕಿ ಪಕ್ಕದ ಕರ್ಚೀಫು

ನನ್ನ ನೆನಪನ್ನು ನಂಬಬೇಡಿ. ಆನಂದರಾಯರ ಸೀಟನ್ನು ಏಳು ತಿಂಗಳು ಕಾಯ್ದವರಲ್ಲಿ ನಾನೂ ಒಬ್ಬ ಎಂದು ಅದು ಬಹಳ ದಿನ ನನಗೆ ಹೇಳುತ್ತ ಬಂದಿತ್ತು. ಮೊನ್ನೆ ಐದಾರು ವರ್ಷ ಹಿಂದಿನ ದಿನಚರಿ ಕೈಗೆ ಸಿಕ್ಕಿತು. ನನ್ನದೇ ಅಕ್ಷರ: "ಕರ್ಚೀಫು ತೆಗೆದು ರಾಯರ ಸೀಟಿನಲ್ಲಿ ಕೂತೆ."

ನಮ್ಮದು ಲೋಕಲ್ ಗಾಡಿಯ ಗೆಳೆತನ. ಉಡುಪಿ ಕಡೆಯ ಶೆಟ್ಟರು ಫೋರ್ಟಿನ ಹೋಟೆಲೊಂದರ ಮ್ಯಾನೇಜರು. ಥಾಣೆಯಲ್ಲಿ ವಿ.ಟಿ.ಗೆ ಹೋಗುವ ಖಾಲಿ ಗಾಡಿ ಹತ್ತಿ ಕಿಟಕಿ ಪಕ್ಕ ಕರ್ಚೀಫು ಹಾಸುತ್ತಿದ್ದರು. ಮುಲುಂಡಿನಲ್ಲಿ ಮೈಸೂರಿನ ಆನಂದರಾಯರೂ ನಾನೂ ಹತ್ತುತ್ತಿದ್ದೆವು. ಹಿರಿಯರಾದ ರಾಯರಿಗೆ ಕಿಟಕಿ. ನನಗೆ ನಾಲ್ಕನೆಯ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ದೇಹಕ್ಕೆ ಸಿಗುವ ಜಾಗ.

ರಾಯರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೂ ಶೆಟ್ಟರು ಕರ್ಚೀಫು ಹಾಸುವುದನ್ನು ಬಿಡಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಆದ್ಮಿ ಆ ರಹಾ ಹೈ", ಆಸಾಮಿ ಬರುತ್ತಿದ್ದಾನೆ. ವಿಕ್ರೋಳಿ ದಾಟಿದರೂ ಘಾಟ್ಕೋಪರ್ ದಾಟಿದರೂ ಆ ಆದ್ಮಿ ಬರುತ್ತಲೇ ಇದ್ದ. "ಪೈದಲ್ ಆ ರಹಾ ಹೈ ಕ್ಯಾ?", ನಡೆದುಕೊಂಡು ಬರುತ್ತಿದ್ದಾನಾ ಎಂದು ನಿಂತವರು ಕೆಣಕುತ್ತಿದ್ದರು.

"ಡಾಕ್ಟರೇ ಭರವಸೆ ಕೊಟ್ಟಿಲ್ಲ, ಶೆಟ್ರೇ" ಎಂದೆ ಒಮ್ಮೆ.

"ಡಾಕ್ಟ್ರು ನಮ್ಮ ಗಾಡಿಯಲ್ಲಿ ಬರ್ತಾರಾ ಮಾರಾಯ್ರೆ? ಅವರಿಗೆಂತ ಗೊತ್ತು!"

ಶನಿವಾರ ಸಂಜೆ ಮುಲುಂಡಿನಲ್ಲಿ ಇಳಿದು, ರಾಯರ ಮಂಚದ ಪಕ್ಕ ನಿಂತು, "ಸೀಟು ಇಟ್ಟಿದ್ದೇನೆ" ಎಂದು ವರದಿ ಒಪ್ಪಿಸಿಯೇ ಶೆಟ್ಟರು ಮನೆಗೆ ಹೋಗುತ್ತಿದ್ದದ್ದು.

ನಾನೋ ಕ್ರೈಸ್ತ, ಎಂ.ಎ. ಓದಿದವನು, ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಮೇಷ್ಟ್ರು ಬೇರೆ. ಸುವಾರ್ತೆಯ ಕಥೆಯಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದದ್ದು, ಕಪೆರ್ನೌಮಿನ ಆ ಮನೆಯ ಬಾಗಿಲಲ್ಲಿ ಜನ ಕಿಕ್ಕಿರಿದದ್ದರಿಂದ ಚಾವಣಿ ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದ್ದು, ಎಲ್ಲವನ್ನೂ ಕೈಕಾಲು ಆಡಿಸಿ ಹೇಳುತ್ತಿದ್ದೆ. ಆ ಕಥೆಯಲ್ಲಿ ರೋಗಿ ಬಾಯಿ ಬಿಡುವುದೇ ಇಲ್ಲ. ಅವನ ಪಾಲಿನ ನಂಬಿಕೆಯನ್ನೂ ಹೊತ್ತವರೇ ಹೊತ್ತಂತಿದೆ. ಇದನ್ನು ಭಾನುವಾರ ಸೊಗಸಾಗಿ ವಿವರಿಸಿ ಸೋಮವಾರ ಕರ್ಚೀಫು ತೆಗೆದು ಕೂತವನು ನಾನು. ಸುವಾರ್ತೆ ಓದದ ಶೆಟ್ಟರು ಮಾರನೆಯ ದಿನ ಹೊಸದಾಗಿ ಒಗೆದ ಕರ್ಚೀಫು ತಂದು ಹಾಸಿದರು.

ಅತ್ತ ರಾಯರು ಮನೆಯ ಮೆಟ್ಟಿಲ ಮೇಲೆ ಅಭ್ಯಾಸಕ್ಕೆ ತೊಡಗಿದ್ದರು. ಮೊದಲು ಒಂದು ಮೆಟ್ಟಿಲು, ಆಮೇಲೆ ಒಂದು ಮಹಡಿ. "ಸೀಟು ಇಟ್ಕೊಂಡು ಕೂತಿದಾರಲ್ಲ ಸ್ವಾಮಿ, ಹೋಗದೆ ಇದ್ರೆ ಹೇಗೆ?" ಎನ್ನುತ್ತಿದ್ದರು. ವ್ಯಾಯಾಮದ ಗುಣ ಎನ್ನಿ, ಔಷಧಿಯ ಗುಣ ಎನ್ನಿ, ನನ್ನ ತಕರಾರಿಲ್ಲ. ಆದರೆ ಎದ್ದು ಹೋಗಲೊಂದು ಜಾಗವನ್ನು ಯಾವ ಔಷಧಿ ಅಂಗಡಿಯೂ ಮಾರುವುದಿಲ್ಲ.

ಏಳನೆಯ ತಿಂಗಳ ಒಂದು ಬೆಳಿಗ್ಗೆ ರಾಯರು ಕೋಲೂರಿಕೊಂಡು ಮುಲುಂಡ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು! ಗಾಡಿಯ ಬಾಗಿಲಲ್ಲಿ ಕಪೆರ್ನೌಮಿನಷ್ಟೇ ಜನ. ಒಳಗಿನಿಂದ ಶೆಟ್ಟರ ಕೂಗು: "ಆದ್ಮಿ ಆ ಗಯಾ!" ಇಷ್ಟು ದಿನ ಕೆಣಕಿದ ಬಾಯಿಗಳೇ "ಆ ಗಯಾ, ಆ ಗಯಾ" ಎಂದವು. ಹತ್ತು ಕೈಗಳು ಅವರನ್ನು ಎತ್ತಿ ಒಳಗೆ ದಾಟಿಸಿದವು. ಆ ಕೈಗಳಲ್ಲಿ ನನ್ನದೂ ಇತ್ತು ಎನ್ನುತ್ತದೆ ನೆನಪು. ನಾನು ಹಿಡಿದದ್ದು ಅವರ ಕೊಡೆಯನ್ನು ಎನ್ನುತ್ತದೆ ದಿನಚರಿ.

ಇಡೀ ಬೋಗಿ ಚಪ್ಪಾಳೆ ತಟ್ಟುತ್ತಿರಲು ರಾಯರು ಕರ್ಚೀಫನ್ನು ಎತ್ತಿ, ಮಡಚಿ, ಜೇಬಿಗಿಟ್ಟುಕೊಂಡು ಕೂತರು. ಕಪೆರ್ನೌಮಿನ ಆ ರೋಗಿ ಗುಣವಾಗಿ ತನ್ನ ಹಾಸಿಗೆಯನ್ನು ತಾನೇ ಹೊತ್ತು ನಡೆದದ್ದು ನನಗೆ ನೆನಪಾಯಿತು.

"ಬನ್ನಿ, ಸರೀತೀನಿ, ಕೂತ್ಕೊಳ್ಳಿ" ಎಂದರು ರಾಯರು. ನಾನು ಕೂರಲಿಲ್ಲ.

ಆ ದಿನದ ಪುಟದಲ್ಲಿ ಕೊನೆಯ ಸಾಲು ಹೀಗಿದೆ: "ವಿ.ಟಿ.ವರೆಗೆ ನಿಂತೇ ಹೋದೆ. ಕಾಲು ನೋಯಲಿಲ್ಲ."