ಕುಕ್ಕುಂದೂರಿನಿಂದ ಕಾಪುವಿಗೆ ಅರ್ಧ ಟ್ಯಾಂಕರ್ ನೀರು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಟ್ಯಾಂಕರಿನ ಡ್ರೈವರ್ ಸುಧಾಕರಣ್ಣ ಬಾವಿಯ ಮೋಟಾರು ನಿಲ್ಲಿಸಿದರು. ಟ್ಯಾಂಕರ್ ಅರ್ಧ ಮಾತ್ರ ತುಂಬಿತ್ತು. ಕೆಟ್ಟದ್ದೆಲ್ಲ ಶುರುವಾದದ್ದು ಆಗಲೇ. ನಾನು ಗಡಿಯಾರ ನೋಡಿ ಸಮಯ ಬರೆದುಕೊಂಡೆ. ಕಳ್ಳನನ್ನು ಹಿಡಿಯಲು ಬಂದವಳು ನಾನು.

ನನ್ನ ಕೆಲಸ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ. ಅಣ್ಣನ ಹೆಂಡತಿ ಜಲಜತ್ತಿಗೆ ಮೀನು ಮಾರುವವರು. ಮನೆ ಕಾಪುವಿನ ಕಡಲ ಬದಿಯ ಓಣಿಯಲ್ಲಿ, ಎಲ್ಲಕ್ಕಿಂತ ಕೊನೆಗೆ. ಬೇಸಿಗೆ ಏರಿದರೆ ಅಲ್ಲಿನ ಬಾವಿಗಳು ಉಪ್ಪಾಗುತ್ತವೆ. ಕುಡಿಯಲು ಸರಕಾರ ಕಳಿಸುವ ಟ್ಯಾಂಕರ್ ನೀರೇ ಗತಿ. ಈ ವರ್ಷ ಅದು ಅತ್ತಿಗೆಯ ಮನೆ ಮುಟ್ಟುವ ಮೊದಲೇ ಪೈಪಿನಲ್ಲಿ ಗಾಳಿ ಬರುತ್ತಿತ್ತು. ಹದಿನೈದು ದಿನದಿಂದ ಅವರ ಮನೆಯಲ್ಲಿ ಗಂಜಿ ಬೇಯುತ್ತಿದ್ದದ್ದು ಉಪ್ಪುನೀರಿನಲ್ಲಿ. "ಡ್ರೈವರ್ ನಡುವೆ ಎಲ್ಲಿಯೋ ಮಾರ್ತಾನೆ ಮಾರಾಯ್ತಿ. ನೀನು ಓದಿದವಳಲ್ವಾ, ಒಂದು ದಿನ ಜೊತೆಗೆ ಕೂತುಕೊಂಡು ಬಾ," ಎಂದಿದ್ದರು ಅತ್ತಿಗೆ.

ಹಾಗೆ ಬೆಳಿಗ್ಗೆ ಏಳರ ಬಸ್ಸಿಗೆ ಮಣಿಪಾಲ ಬಿಟ್ಟು, ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಬಂದೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಚಹಾ ಕುಡಿದೆ. ಎಂಟೂವರೆಗೇ ಅಂಗಿ ಮೈಗೆ ಅಂಟುವಷ್ಟು ಸೆಕೆ. ಪಕ್ಕದ ಕುಕ್ಕುಂದೂರಿಗೆ ರಿಕ್ಷಾ ಹಿಡಿದೆ. ಟ್ಯಾಂಕರ್ ನೀರು ತುಂಬಿಸುವುದು ಅಲ್ಲಿನ ಬೆನೆಡಿಕ್ಟಾ ಬಾಯಿಯವರ ತೋಟದ ಬಾವಿಯಿಂದ.

"ಅರ್ಧಕ್ಕೇ ನಿಲ್ಲಿಸಿದಿರಲ್ಲ?" ಎಂದು ಕೇಳಿದೆ.

ಸುಧಾಕರಣ್ಣ ಅಡಗಿಸಲಿಲ್ಲ. "ಪೂರ್ತಿ ತುಂಬಿಸ್ತಾ ಕೂತರೆ ಸಂಜೆಗೆ ಎರಡೇ ಟ್ರಿಪ್ ಅಕ್ಕ. ನಾಲ್ಕು ತೋರಿಸದಿದ್ದರೆ ಧಣಿಯ ಗುತ್ತಿಗೆ ಹೋಗ್ತದೆ. ಇದು ನೋಡಿ," ಎಂದು ಸ್ಟೇರಿಂಗಿನ ಕೆಳಗಿದ್ದ ಹಸಿರು ದೀಪದ ಪೆಟ್ಟಿಗೆ ತೋರಿಸಿದರು. "ಗಾಡಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಇದು ಹೇಳ್ತದೆ. ಹೊಟ್ಟೆಯಲ್ಲಿ ಎಂತ ಉಂಟು ಅಂತ ಹೇಳುದಿಲ್ಲ."

ಬಾವಿಕಟ್ಟೆಯ ಬಳಿ ನಿಂತಿದ್ದ ಬೆನೆಡಿಕ್ಟಾ ಬಾಯಿ, "ನನ್ನ ಹತ್ತಿರವೂ ಹಾಗೇ. ಕಚೇರಿಯವರು ದಿನಕ್ಕೆ ಎಷ್ಟು ಟ್ರಿಪ್ ಅಂತ ಕೇಳಿದರು. ಬಾವಿಯಿಂದ ಎಷ್ಟು ನೀರು ತೆಗೆಯಬಹುದು ಅಂತ ಒಬ್ಬನೂ ಇಣುಕಿ ನೋಡಲಿಲ್ಲ," ಎಂದರು.

"ಬಾಯಮ್ಮ, ಇಣುಕಿದರೆ ಅವರ ಕನ್ನಡಕ ಬಿದ್ದೀತು," ಎಂದು ಸುಧಾಕರಣ್ಣ ನಕ್ಕರು.

ನಾನೂ ನಕ್ಕೆ. ಆ ನಗುವಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ. ಅರ್ಧ ತುಂಬಿದ ಪಾತ್ರೆಯಲ್ಲಿ ನೀರು ಹೇಗೆ ಹೊಯ್ದಾಡುತ್ತದೆಂದು ಕಾಲೇಜಿನಲ್ಲಿ ಕಲಿತವಳು ನಾನು. ಆದರೂ ಹತ್ತಿ ಕೂತೆ.

ಕಾಪುವಿಗೆ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್. ಬೆಳ್ಮಣ್ ದಾಟಿ ಶಿರ್ವದ ಕಡೆಗೆ ತಿರುಗಿದ ಮೇಲೆ ರಸ್ತೆ ಕಿರಿದಾಯಿತು. ಒಂದು ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಸುಧಾಕರಣ್ಣ ಬ್ರೇಕ್ ಒತ್ತಿದರು. ಗಾಡಿ ನಿಧಾನವಾಯಿತು, ನೀರು ಆಗಲಿಲ್ಲ. ಯಾರೋ ಹಿಂದಿನಿಂದ ಒದ್ದಂತೆ ಅದು ನಮ್ಮನ್ನು ಮುಂದಕ್ಕೆ ತಳ್ಳಿತು. ಬಸ್ಸು ತಪ್ಪಿಸಲು ಅವರು ಎಡಕ್ಕೆ ಎಳೆದು, ಮರುಕ್ಷಣ ಬಲಕ್ಕೆ ತಿರುಗಿಸಿದರು. ನೀರೆಲ್ಲ ಎಡಬದಿಗೆ ನುಗ್ಗಿ ಬಲಗಡೆಯ ಚಕ್ರಗಳು ನೆಲ ಬಿಟ್ಟವು. ಟ್ಯಾಂಕರ್ ವಾಲುತ್ತಾ ಹೋಗಿ ರಸ್ತೆಬದಿಯ ತೋಟದ ಕೆಂಪುಕಲ್ಲಿನ ಪಾಗಾರದ ಗೋಡೆಗೆ ಒರಗಿ ನಿಂತಿತು.

ಆ ಪಾಗಾರದ ಬುಡದಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದದ್ದನ್ನು ನಾನು ನೋಡಿದ್ದೆ. ಈಗ ಕೊಡೆ ಮಾತ್ರ ಕಾಣುತ್ತಿತ್ತು, ಚಕ್ರದಡಿಯಲ್ಲಿ. ಸುಧಾಕರಣ್ಣ ಕೆಳಗೆ ಹಾರಿ, ಬಗ್ಗಿ, ಬರಿಗೈಯಲ್ಲಿ ಮಣ್ಣು ಕೆದಕತೊಡಗಿದರು. "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ನಾನೂ ಅವರ ಬದಿಯ ಬಾಗಿಲಿನಿಂದಲೇ ಇಳಿದೆ.

ಹೆಂಗಸು ಚರಂಡಿಯಿಂದ ಎದ್ದು ಬಂದರು. ಗಾಡಿ ವಾಲುವಾಗಲೇ ಅದರೊಳಗೆ ಹಾರಿಕೊಂಡಿದ್ದರು. ಮೊಣಕಾಲು ಒಡೆದಿತ್ತು, ಮತ್ತೇನೂ ಆಗಿರಲಿಲ್ಲ. ಅವರು ಸುಧಾಕರಣ್ಣನ ಕೆನ್ನೆಗೆ ಒಂದು ಬಾರಿಸಿ, ಅಲ್ಲೇ ಕುಸಿದು ಕೂತು ಅತ್ತರು. ಹೊಡೆತ ಸಿಗಬೇಕಾದ ಕೆನ್ನೆ ಅದಾಗಿರಲಿಲ್ಲ.

ಟ್ಯಾಂಕರನ್ನು ನೆಟ್ಟಗೆ ಮಾಡಲು ನೀರು ಹೊರಗೆ ಬಿಡಬೇಕಾಯಿತು. ಕೊನೆಯ ಹನಿಯವರೆಗೂ ಚರಂಡಿಗೆ ಹರಿಯಿತು. ಸುಧಾಕರಣ್ಣ ಧಣಿಗೆ ಫೋನ್ ಮಾಡಿದರು. ಆಚೆ ಕಡೆಯ ಮಾತು ನನಗೂ ಕೇಳಿತು: "ಖಾಲಿಯಾದರೆ ಖಾಲಿ. ಮೊದಲು ಗಾಡಿ ಕಾಪು ಮುಟ್ಟಿಸು, ಟ್ರಿಪ್ ತಪ್ಪಬಾರದು."

ಹಾಗೆ ನಾವು ಖಾಲಿ ಟ್ಯಾಂಕರಿನಲ್ಲಿ ಕಾಪುವಿಗೆ ಹೋದೆವು. ಓಣಿಯಲ್ಲಿ ಕೊಡಪಾನಗಳು ಸಾಲಾಗಿ ಕಾಯುತ್ತಿದ್ದವು. ಸುಧಾಕರಣ್ಣ ತಲೆ ತಗ್ಗಿಸಿಕೊಂಡೇ ಸಹಿಯ ಚೀಟಿ ಮುಂದೆ ಹಿಡಿದರು. 'ಟ್ಯಾಂಕರ್ ಬಂದಿದೆ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ನಾನು ನಡೆದದ್ದನ್ನು ಹೇಳಿದೆ. ಜಲಜತ್ತಿಗೆ ನನ್ನನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಚೀಟಿ ಹಿಂದಕ್ಕೆ ತಳ್ಳಿದರು.

"ಬಂದರಿನಲ್ಲಿ ಮೇಲಿನ ನಾಲ್ಕು ಮೀನು ನೋಡಿ ಬುಟ್ಟಿ ಕೊಳ್ತೇವಾ ನಾವು? ಕೈ ಹಾಕಿ ತಳ ನೋಡ್ತೇವೆ. ಇಷ್ಟು ದಿನ ಇದಕ್ಕೆ ನೋಡದೆ ಸಹಿ ಹಾಕಿದ್ದು ನಮ್ಮದೇ ಮಂಗತನ. ಇನ್ನು ಟ್ಯಾಂಕರಿನೊಳಗೆ ಕೋಲು ಇಳಿಸಿ ನೋಡದೆ ಒಬ್ಬಳೂ ಹೆಬ್ಬೆಟ್ಟು ಕೂಡ ಒತ್ತುದಿಲ್ಲ."

ಸೋಮವಾರ ನಾನೂ ಅತ್ತಿಗೆಯೂ ಉಡುಪಿಗೆ ಬಸ್ಸು ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಧಿಕಾರಿ ಸೌಜನ್ಯದವರೇ. ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿದರು. ಶನಿವಾರದ ಮೊದಲ ಟ್ರಿಪ್: ಪೂರ್ಣ.

"ನೀರು ಚರಂಡಿಗೆ ಹೋಯಿತು ಸರ್. ಒಬ್ಬರು ಸ್ವಲ್ಪದರಲ್ಲಿ ಸಾಯುತ್ತಿದ್ದರು."

"ಗಾಡಿ ತಲುಪಿದ್ದು ತೋರಿಸ್ತಾ ಉಂಟಲ್ಲ ಮೇಡಂ. ನೀರಿಗೆ ಇದರಲ್ಲಿ ಕಾಲಂ ಇಲ್ಲ."

"ನಿಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಖಾಲಿ ಬಂದರೆ ತೆಗೊಳ್ತೀರಾ?" ಎಂದು ಅತ್ತಿಗೆ ಕೇಳಿದರು. ಪಕ್ಕದ ಮೇಜಿನವರು ನಕ್ಕರು. ಅಧಿಕಾರಿ ನಗಲಿಲ್ಲ.

ನೀರು ತರುವುದಕ್ಕೆ ನಿಯಮ ಮಾಡಿದವರು ಗಾಡಿಯನ್ನು ಎಣಿಸಿದರು, ದಾರಿಯನ್ನು ಅಳೆದರು. ನೀರನ್ನು ಮಾತ್ರ ಅಳೆಯಲಿಲ್ಲ, ಬಾವಿಯಲ್ಲಿಯೂ ಇಲ್ಲ, ಓಣಿಯಲ್ಲಿಯೂ ಇಲ್ಲ. ನಾವು ಹುಡುಕುತ್ತಿದ್ದ ಕಳ್ಳ ಆ ಚೀಟಿಯಲ್ಲೇ ಅಚ್ಚಾಗಿದ್ದ. ಬಾವಿಗೊಂದು ಮಿತಿ, ಟ್ಯಾಂಕರಿನ ಬಾಯಿಗೊಂದು ಮೀಟರ್, ಒಳಗೆ ನೀರನ್ನು ತಡೆಯಲು ಅಡ್ಡ ತಗಡು: ಇಷ್ಟು ಬರೆದು ಅರ್ಜಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ.

ಮಂಗಳವಾರವೂ ಬುಧವಾರವೂ ಓಣಿಯ ಹೆಂಗಸರು ಸಹಿ ಹಾಕಲಿಲ್ಲ. ಸಹಿಯಿಲ್ಲದ ಟ್ರಿಪ್ಪಿಗೆ ಬಿಲ್ ಆಗುವುದಿಲ್ಲವೆಂದು ಧಣಿಯೇ ಕಚೇರಿಗೆ ಓಡಿದ. ಬುಧವಾರ ಸಂಜೆ ಆ ಒಂದು ಓಣಿಯ ಮಟ್ಟಿಗೆ ಒಪ್ಪಿಗೆ ಸಿಕ್ಕಿತು: ದಿನಕ್ಕೆ ಎರಡೇ ಟ್ರಿಪ್, ಎರಡೂ ತುಂಬಿ, ಕೋಲು ಎಷ್ಟು ಒದ್ದೆಯಾಯಿತೆಂದು ಚೀಟಿಯ ಹಿಂದೆ ಕೈಯಲ್ಲಿ ಬರೆಯಬೇಕು. ಉಳಿದ ಊರುಗಳಿಗೆ ಅರ್ಧ ತುಂಬಿದ ಗಾಡಿಗಳು ಈಗಲೂ ಓಡುತ್ತಿವೆ.

ಗುರುವಾರ ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು. ಪೈಪು ಕೊನೆಯ ಮನೆ ಮುಟ್ಟಿತ್ತು. ಗಂಜಿ ಸಪ್ಪೆಯಾಗಿದೆ, ಉಪ್ಪಿನಕಾಯಿ ಬೇಕಾಯಿತು ಎಂದರು. ಸುಧಾಕರಣ್ಣನೂ ಅಲ್ಲೇ ಉಣ್ಣುತ್ತಿದ್ದರಂತೆ. ಶನಿವಾರದಿಂದ ಸರಿಯಾಗಿ ನಿದ್ದೆ ಹತ್ತದಿದ್ದ ನನಗೆ ಆ ರಾತ್ರಿ ಮಲಗಿದ ಮೇಲೆ ಎಚ್ಚರವಾದದ್ದು ಶುಕ್ರವಾರ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗ.